ಜಿಕೋವ್ ಬಿಸಾಡದೆಯೇ ಜಾವಾ ಹದಕ್ಕೆ ಬಂತು

‘ಆ ಜಿಕೋವ್ ಕಾರ್ಬುರೇಟರ್ ಗುಜರಿಗೆ ಹಾಕಿ, ಯಾವುದಾದರೂ 100 ಸಿಸಿ ಬೈಕಿನದು ಕೂರಿಸಿ ನೆಮ್ಮದಿಯಾಗಿರಿ ಸಾರ್’ ಎಂದು ಹೇಳದ ಮೆಕ್ಯಾನಿಕ್ ಮೈಸೂರಿನಲ್ಲಿ ನನಗೆ ಸಿಗಲಿಲ್ಲ. ಯಾದವಗಿರಿಯ ಕಾರ್ಖಾನೆಯಿಂದ 1968ರಲ್ಲಿ ಹೊರಬಿದ್ದ ನನ್ನ ಜಾವಾ 250 ಬೈಕ್ ಈಗ ಪೆಟ್ರೋಲ್, ಗಾಳಿ ಬೆರೆಸುವ ಅದೇ ಜಿಕೋವ್ ಹೊತ್ತು ಚಾಮುಂಡಿ ಬೆಟ್ಟ ಹತ್ತಿಳಿದು, ಸಿಗ್ನಲ್‌ನಲ್ಲಿ ಡುಗುಡುಗು ಎನ್ನುತ್ತ ನಿಲ್ಲುತ್ತದೆ. ಹೇಳಿದವರೆಲ್ಲ ಒಮ್ಮೆ ಬಂದು ಕಿವಿಗೊಟ್ಟು ಹೋಗಿದ್ದಾರೆ.

ರೋಗ ಹಳೆಯ ಜಾವಾ ಇಟ್ಟವರಿಗೆ ಗೊತ್ತಿರುವುದೇ. ತಣ್ಣಗಿದ್ದಾಗ ಸಾಧು. ಹತ್ತು ಹದಿನೈದು ಕಿಲೋಮೀಟರ್ ಓಡಿ ಕಾದ ಮೇಲೆ ಆಕ್ಸಿಲರೇಟರ್ ಬಿಟ್ಟರೂ ಎಂಜಿನ್ ಇಳಿಯದೆ ಕೂಗುತ್ತದೆ, ಅರ್ಧ ಥ್ರಾಟಲ್‌ನಲ್ಲಿ ಕೆಮ್ಮುತ್ತದೆ, ಪ್ಲಗ್ ಬಿಚ್ಚಿದರೆ ಸುಣ್ಣ ಬಳಿದಂತೆ ಬಿಳಿ. ಅಂದರೆ ಪೆಟ್ರೋಲ್ ಸಾಲದು, ಗಾಳಿ ಹೆಚ್ಚು.

ಮೊದಲು ಹೋದದ್ದು ರಿಪೇರಿ ಕಿಟ್‌ಗೆ, ಆರುನೂರು ರೂಪಾಯಿ ಇರಬೇಕು. ಅದರ ಜೆಟ್ (ಪೆಟ್ರೋಲ್ ಅಳೆದು ಬಿಡುವ ಸಣ್ಣ ತೂತಿನ ತುಂಡು) ಮೇಲೆ ಹಳೆಯದರ ನಂಬರೇ ಇತ್ತು, ತೂತು ಮಾತ್ರ ಬೇರೆ. ಹಳೆಯ ಜೆಟ್‌ನಲ್ಲಿ ಬಿಗಿಯಾಗಿ ಹೋಗುವ ತಂತಿ ಇದರಲ್ಲಿ ಸಡಿಲವಾಗಿ ಆಡಿತು. ಅಂದಿನಿಂದ ನಾನು ನಂಬರ್ ನಂಬುವುದಿಲ್ಲ, ತಂತಿಯನ್ನು ನಂಬುತ್ತೇನೆ. ಆಮೇಲೆ ಅಲ್ಟ್ರಾಸಾನಿಕ್ ತೊಳೆತ: ಕಾರ್ಬುರೇಟರ್ ಹೊಳೆಯಿತು, ರೋಗ ಹಾಗೇ ಉಳಿಯಿತು. ಕೊನೆಗೆ ಮೆಕ್ಯಾನಿಕ್‌ಗಳ ಮಾತನ್ನೂ ಕೇಳಿ ನೋಡಿದೆ. ಲೇಥ್‌ನಲ್ಲಿ ಅಡಾಪ್ಟರ್ ಮಾಡಿಸಿ ಚಿಕ್ಕ ಬೈಕಿನ ಕಾರ್ಬುರೇಟರ್ ಕೂರಿಸಿದ್ದಕ್ಕೆ ಎಲ್ಲ ಸೇರಿ ಮೂರೂವರೆ ಸಾವಿರ. ಒಂದೇ ಒದೆತಕ್ಕೆ ಸ್ಟಾರ್ಟ್, ಆದರೆ ಅರವತ್ತು ದಾಟಿದರೆ ಉಸಿರುಗಟ್ಟುತ್ತಿತ್ತು. ಮೇಲಿನ ಅಲ್ಯೂಮಿನಿಯಂ ಕವರ್ ಕೂಡ ಕೂರಲಿಲ್ಲ. ಕವರ್ ಇಲ್ಲದ ಜಾವಾ ನೋಡಲು ನನಗಾಗದು.

ಹಾಗಾಗಿ ಹೆಚ್ಚಿನ ಗಾಳಿ ಎಲ್ಲಿಂದ ನುಗ್ಗುತ್ತಿದೆ ಎಂದು ನೋಡಲು ಎಂಜಿನ್ ಬಿಚ್ಚಿಸಿದೆ. ಕ್ರ್ಯಾಂಕಿನ ಎರಡೂ ಬದಿಗೆ ಗಾಳಿ, ಆಯಿಲ್ ಒಳಗೆ ಬಾರದಂತೆ ತಡೆಯುವ ಸೀಲ್ ಇರುತ್ತದೆ. ಎಡ ಸೀಲ್ ಹೋದರೆ ಗೇರ್ ಆಯಿಲ್ ಎಳೆದುಕೊಂಡು ಹೊಗೆ ಕಾರುತ್ತದೆ, ಗುಟ್ಟು ಬಯಲಾಗುತ್ತದೆ. ಬಲಗಡೆ, ಡೈನಮೋ ಪಕ್ಕದ್ದು ಹೋದರೆ ಬರೀ ಗಾಳಿ ಎಳೆಯುತ್ತದೆ. ಹೊಗೆಯೂ ಇಲ್ಲ, ಸುಳಿವೂ ಇಲ್ಲ. ನನ್ನದು ಬಲಗಡೆಯದು, ಅದರ ತುಟಿ ಪ್ಲಾಸ್ಟಿಕ್‌ನಂತೆ ಗಟ್ಟಿಯಾಗಿತ್ತು. ಬೇರಿಂಗ್, ಸೀಲ್, ಕೂಲಿ ಸೇರಿ ಒಂಬತ್ತು ಸಾವಿರದ ಆಸುಪಾಸು. ಅರ್ಧ ರೋಗ ಹೋಯಿತು.

ಉಳಿದರ್ಧ ಫ್ಲೇಂಜ್‌ನಲ್ಲಿ, ಅಂದರೆ ಕಾರ್ಬುರೇಟರ್ ಎಂಜಿನ್‌ಗೆ ಕೂರುವ ಚಪ್ಪಟೆ ಮುಖದಲ್ಲಿತ್ತು. ಐವತ್ತು ವರ್ಷ ಸಿಕ್ಕಸಿಕ್ಕವರೆಲ್ಲ ಆ ಎರಡು ನಟ್ ಬಿಗಿದು ಬಿಗಿದು ಫ್ಲೇಂಜಿನ ಕಿವಿಗಳು ಬಾಗಿದ್ದವು. ಸ್ಟೀಲ್ ಪಟ್ಟಿ ಇಟ್ಟರೆ ನಡುವೆ 0.2 ಮಿ.ಮೀ. ಫೀಲರ್ (ಸಂದು ಅಳೆಯುವ ತಗಡು) ಸಲೀಸಾಗಿ ನುಗ್ಗಿತು. ದಪ್ಪ ಗಾಜಿನ ಮೇಲೆ 400ರ ವಾಟರ್ ಪೇಪರ್ ಹಾಸಿ, ನೀರು ಬಿಡುತ್ತ, ಎಂಟರ ಆಕಾರದಲ್ಲಿ ಉಜ್ಜಿದೆ. ಖರ್ಚು ಇಪ್ಪತ್ತು ರೂಪಾಯಿ, ಜೊತೆಗೆ ಒಂದು ಭಾನುವಾರ! ದಪ್ಪ ಪ್ಯಾಕಿಂಗ್ ಹಾಕಿ ಬಿಗಿದರೆ ಮತ್ತೆ ಬಾಗುತ್ತದೆ. ಸಿಲಿಕೋನ್ ಪೇಸ್ಟ್ ಪೆಟ್ರೋಲ್‌ಗೆ ಉಬ್ಬಿ ಚೂರಾಗಿ ಒಳಗೆ ಹೋಗುತ್ತದೆ. ನಾನು ಹಾಕಿದ್ದು ಎರಡೂ ಅಲ್ಲ. ಏನೆಂದು ಇಲ್ಲಿ ಬರೆಯುವುದಿಲ್ಲ, ಗಾಡಿ ತಂದವರಿಗೆ ತೋರಿಸುತ್ತೇನೆ.

ಗಾಳಿ ಹಿಡಿಯುವುದು ನಿಂತ ಮೇಲಷ್ಟೇ ಜೆಟ್‌ಗೆ ಕೈ ಹಾಕಿದೆ. ಈಗಿನ ಇ20 (ಶೇ 20ರವರೆಗೆ ಎಥನಾಲ್ ಬೆರೆತ) ಪೆಟ್ರೋಲ್‌ನಲ್ಲಿ ಎಥನಾಲ್ ತನ್ನದೇ ಆಮ್ಲಜನಕ ಹೊತ್ತು ಬರುವುದರಿಂದ ಅಷ್ಟೇ ಗಾಳಿಗೆ ಹೆಚ್ಚು ಪೆಟ್ರೋಲ್ ಬೇಕು. ನನ್ನ ಗಾಡಿಯಲ್ಲಿದ್ದ 92ರ ಮೇನ್ ಜೆಟ್ ತೆಗೆದು ದೊಡ್ಡ ತೂತಿನ 96 ಹಾಕಿ, ಪೆಟ್ರೋಲ್ ಇನ್ನಷ್ಟು ಹೋಗಲೆಂದು ಕಾರ್ಬುರೇಟರ್ ಸೂಜಿಯನ್ನು ಒಂದು ಗೀರು ಮೇಲೆತ್ತಿದೆ. ಪ್ಲಗ್ ಹದವಾದ ಕಂದು ಬಣ್ಣಕ್ಕೆ ತಿರುಗಿತು.

ನಡುವೆ ಒಂದು ಹುಚ್ಚು ಪ್ರಯೋಗವೂ ಆಯಿತು. ಎಂಜಿನ್ ತಂಪಾಗಿರಲೆಂದು ಪೆಟ್ರೋಲ್‌ಗೆ ಹಾಕುವ ಟೂಟಿ (ಟೂ-ಸ್ಟ್ರೋಕ್) ಆಯಿಲ್ ಹೆಚ್ಚಿಸಿ 1:20ಕ್ಕೆ ಬೆರೆಸಿದೆ. ಅದೇ ಜೆಟ್‌ನಲ್ಲಿ ಆಯಿಲ್ ಹೆಚ್ಚು ಹೋದರೆ ಪೆಟ್ರೋಲ್ ಕಡಿಮೆ ತಾನೇ? ಸೈಲೆನ್ಸರ್ ತೊಟ್ಟಿಕ್ಕಿತು, ಬಿಸಿ ಮಾತ್ರ ಇಳಿಯಲಿಲ್ಲ. ಈಗ 1:30. ಕಾರ್ಬುರೇಟರ್‌ನಲ್ಲಿ ಪೆಟ್ರೋಲ್ ಮಟ್ಟ ಕಾಯುವ ಹಿತ್ತಾಳೆ ಫ್ಲೋಟ್‌ನ ತೂತನ್ನು ಬೆಸುಗೆಯಿಂದ ಮುಚ್ಚಿಯೂ ನೋಡಿದೆ. ಬೆಸುಗೆಯ ಭಾರಕ್ಕೆ ಫ್ಲೋಟ್ ತಗ್ಗಿ ಪೆಟ್ರೋಲ್ ಮಟ್ಟ ಏರಿತು, ಟಿಕ್ಲರ್ (ಸ್ಟಾರ್ಟ್‌ಗೆ ಮುನ್ನ ಪೆಟ್ರೋಲ್ ತುಂಬಿಸುವ ಗುಂಡಿ) ಒತ್ತದೆಯೇ ಸುರಿಯತೊಡಗಿತು. ಬೆಸುಗೆಯನ್ನು ಕೂದಲೆಳೆಯಷ್ಟಕ್ಕೆ ಅರದಿಂದ ಇಳಿಸಿದ ಮೇಲೆ ಸರಿಹೋಯಿತು.

ಈಗ ಲೀಟರಿಗೆ ಇಪ್ಪತ್ತೆಂಟು, ಮೂವತ್ತು ಕಿಲೋಮೀಟರ್ ಕೊಡುತ್ತಿದೆ. ಅಡಾಪ್ಟರ್ ಶೆಡ್ಡಿನಲ್ಲಿ ಬಿದ್ದಿದೆ, ಬೇಕಾದವರು ಅರ್ಧ ಬೆಲೆಗೆ ಒಯ್ಯಬಹುದು.