ಪಹಣಿ ಪುಸ್ತಕದ ಕರಡನ್ನು ಓದುಗರ ಕೈಗೆ ಕೊಟ್ಟಾಗ

ಪಹಣಿ (ಜಮೀನಿನ ಹಕ್ಕು, ಬೆಳೆಯ ದಾಖಲೆ), ಮ್ಯುಟೇಷನ್ (ಹಕ್ಕು ಬದಲಾವಣೆಯ ನಮೂದು), ಪೋಡಿ (ಜಮೀನನ್ನು ಅಳೆದು ಬೇರ್ಪಡಿಸುವುದು), ಪೌತಿ ಖಾತೆ (ಸತ್ತವರ ಖಾತೆಯನ್ನು ವಾರಸುದಾರರ ಹೆಸರಿಗೆ ಮಾಡುವುದು) ಇವನ್ನೆಲ್ಲ ರೈತರಿಗೆ ಬಿಡಿಸಿ ಹೇಳುವ ಕೈಪಿಡಿಯೊಂದನ್ನು ನಾನೇ ಬರೆದು, ನಾನೇ ಅಚ್ಚು ಹಾಕಿಸಲು ಹೊರಟಿದ್ದೆ. ಪ್ರಕಾಶಕರಿಲ್ಲ, ಅಂದಮೇಲೆ ತಿದ್ದುವ ಸಂಪಾದಕರೂ ಇಲ್ಲ. ಆದರೆ ಇಂಥ ಪುಸ್ತಕವನ್ನು ನಂಬಿ ಜನ ತಾಲ್ಲೂಕು ಕಚೇರಿಗೆ ಹೋಗುತ್ತಾರೆ. ಒಂದು ಸಾಲು ಅರ್ಥವಾಗದಿದ್ದರೆ ಅವರ ಒಂದು ದಿನದ ಕೂಲಿ, ಬಸ್ ಚಾರ್ಜು ಎರಡೂ ಹೋಗುತ್ತವೆ. ಆದ್ದರಿಂದ ಕರಡನ್ನು ಮೊದಲು ಓದುಗರಿಂದಲೇ ತಿದ್ದಿಸಬೇಕೆಂದು ನಿರ್ಧರಿಸಿದೆ.

ಅದೂ ಡಿಟಿಪಿಗೆ, ಅಂದರೆ ಕಂಪ್ಯೂಟರಿನಲ್ಲಿ ಪುಟ ಕಟ್ಟಲು, ಕೊಡುವ ಮುಂಚೆಯೇ. ಪುಟ ಕಟ್ಟಿದ ಮೇಲೆ ಒಂದು ಪ್ಯಾರಾ ಸೇರಿಸಿದರೂ ಮುಂದಿನ ಪುಟಗಳೆಲ್ಲ ಜರುಗುತ್ತವೆ. 16 ಪುಟಗಳಿಗೆ ಒಂದು ಫಾರ್ಮ್ ಎಂಬ ಲೆಕ್ಕದಲ್ಲಿ ಅಚ್ಚಾಗುವ ಪುಸ್ತಕಕ್ಕೆ ಒಂದೆರಡು ಪುಟ ಹೆಚ್ಚಾದರೂ ಖರ್ಚು ಏರುತ್ತದೆ.

ಓದಲು ಕೊಟ್ಟಿದ್ದು ಪಿಡಿಎಫ್ ಅಲ್ಲ, ಜೆರಾಕ್ಸ್ ಪ್ರತಿ. ಹಾಳೆಯ ಒಂದೇ ಮಗ್ಗುಲು, 14 ಪಾಯಿಂಟ್ ಅಕ್ಷರ, ಬಲಗಡೆ ಅಗಲವಾದ ಅಂಚು, ಸ್ಪೈರಲ್ ಬೈಂಡಿಂಗ್. ಪುಸ್ತಕಕ್ಕೆ ಕಾಲು ತಾಗಿದರೆ ಕಣ್ಣಿಗೊತ್ತಿಕೊಳ್ಳುವ ಜನ ನಾವು; ಅದರ ಮೇಲೆ ಗೀಚಿ ಎಂದರೆ ಯಾರಿಗೂ ಕೈ ಬರುವುದಿಲ್ಲ. ಹಾಗಾಗಿ ರಟ್ಟಿನ ಮೇಲೆ ದಪ್ಪಕ್ಷರದಲ್ಲಿ ‘ಕರಡು’ ಎಂದು ಹಾಕಿಸಿ, ಮೊದಲ ಪುಟದಲ್ಲಿ ನಾನೇ ಪೆನ್ಸಿಲಿನಿಂದ ಒಂದೆರಡು ಸಾಲು ಹೊಡೆದುಹಾಕಿ ಕೊಡುತ್ತಿದ್ದೆ. ಅದನ್ನು ನೋಡಿದ ಮೇಲೆ ಅವರ ಪೆನ್ಸಿಲೂ ಆಡತೊಡಗಿತು.

‘ಹೇಗಿದೆ?’ ಎಂದು ಕೇಳಿದರೆ ‘ಚೆನ್ನಾಗಿದೆ ಸರ್’ ಎಂಬ ಉತ್ತರವಷ್ಟೇ ಸಿಗುತ್ತದೆ. ಅದರಲ್ಲಿ ಪ್ರೀತಿ ಇದೆ, ಪುಸ್ತಕಕ್ಕೆ ಬೇಕಾದ್ದು ಇಲ್ಲ. ನಾನು ಕೇಳಿದ್ದು ಬೇರೆ: ಯಾವ ಪುಟದಲ್ಲಿ ಓದುವುದನ್ನು ನಿಲ್ಲಿಸಿದಿರಿ? ಯಾವುದನ್ನು ಎರಡು ಸಲ ಓದಬೇಕಾಯಿತು? ಸಾಧ್ಯವಾದ ಕಡೆಯೆಲ್ಲ ಓದುಗರ ಪಕ್ಕದಲ್ಲೇ ಕೂತು, ಅವರದೇ ಪಹಣಿಯನ್ನು ಎದುರಿಗಿಟ್ಟು ಓದಿಸಿದೆ.

ತಿಪಟೂರು ಕಡೆಯ ರೈತ ಹೆಣ್ಣುಮಗಳೊಬ್ಬರು ಹಾಗೆ ಓದುತ್ತಿದ್ದರು. ಮಾಲೀಕರ ಹೆಸರಿರುವ 9ನೇ ಕಾಲಂನಲ್ಲಿ ತಮ್ಮ ಮಾವನ ಹೆಸರನ್ನು ಥಟ್ಟನೆ ಹುಡುಕಿಕೊಂಡರು. 3ನೇ ಕಾಲಂನ ವಿಸ್ತೀರ್ಣಕ್ಕೆ ಬಂದಾಗ ಬೆರಳು ‘ಖರಾಬು’ ಎಂಬಲ್ಲಿ ನಿಂತಿತು. ಖರಾಬಿನ ‘ಅ’ ಮತ್ತು ‘ಬ’ ಎಂಬ ಎರಡು ಬಗೆಗಳಿಗೆ ನಿಯಮದಲ್ಲಿರುವ ವಿವರಣೆಯೇ ನನ್ನ ಕರಡಿನಲ್ಲಿತ್ತು. ಅವರು ಅದನ್ನು ಓದಿ, ತಲೆಯೆತ್ತಿ ಕೇಳಿದರು: “ಅಣ್ಣಾ, ನಮ್ಮ ಹೊಲ್ದಾಗೆ ಬಂಡೆನೂ ಐತೆ, ಹಳ್ಳಾನೂ ಐತೆ. ಯಾವ್ದು ನಮ್ದು, ಯಾವ್ದು ಸರ್ಕಾರದ್ದು?” ಆ ಪ್ಯಾರಾವನ್ನು ಅವರ ಪ್ರಶ್ನೆಯಿಂದಲೇ ಹೊಸದಾಗಿ ಶುರು ಮಾಡಿದೆ. ಸಾಗುವಳಿಗೆ ಬಾರದ ಬಂಡೆ, ಕಣದ ಜಾಗ ‘ಅ’ ಖರಾಬು. ಅದು ಹಿಡುವಳಿದಾರರ ಜೊತೆಗೇ ಇರುತ್ತದೆ. ಹಳ್ಳ, ದಾರಿ, ಸ್ಮಶಾನದಂಥವು ‘ಬ’ ಖರಾಬು, ಅವು ಸಾರ್ವಜನಿಕರದು.

ಬೆಂಗಳೂರಿನಲ್ಲಿ ಕೆಲಸ ಮಾಡುತ್ತ, ಊರಿನ ಜಮೀನಿಗೆ ಈಗಷ್ಟೇ ವಾರಸುದಾರನಾದ ಹುಡುಗ ಎಡವಿದ್ದು ಬೇರೆಯೇ ಕಡೆ. ಪಹಣಿಯಲ್ಲಿದ್ದ 2.20 ಅನ್ನು ಅವನು ದಶಮಾಂಶವೆಂದೇ ಓದಿದ. ಅದು 2 ಎಕರೆ 20 ಗುಂಟೆ; ಎಕರೆಗೆ 40 ಗುಂಟೆ, ಹಾಗಾಗಿ ಎರಡೂವರೆ ಎಕರೆ. ಯಾವ ರೈತರಿಗೂ ಇದನ್ನು ಹೇಳಬೇಕಾಗಿಲ್ಲ, ಹೇಳಿದರೆ ಬೇಸರವೂ ಆಗುತ್ತದೆ. ಇಂಥವನ್ನೆಲ್ಲ ಸಣ್ಣ ಚೌಕಟ್ಟುಗಳಲ್ಲಿ ಹಾಕಿದೆ. ಬೇಡದವರು ದಾಟಿಕೊಂಡು ಹೋಗಲಿ ಎಂದು.

ಬಂದ ಗುರುತುಗಳನ್ನೆಲ್ಲ ಅಧ್ಯಾಯವಾರು ಒಂದು ನೋಟ್‌ಬುಕ್ಕಿಗೆ ಇಳಿಸಿದೆ. ಪರಸ್ಪರ ಪರಿಚಯವೇ ಇಲ್ಲದ ಇಬ್ಬರು ಒಂದೇ ಕಡೆ ನಿಂತಿದ್ದರೆ ಆ ಜಾಗವನ್ನು ತಿದ್ದಲೇಬೇಕು. ಹೇಗೆ ತಿದ್ದಬೇಕೆಂದು ಅವರು ಸೂಚಿಸಿದ್ದನ್ನು ಮಾತ್ರ ಯಾವಾಗಲೂ ಒಪ್ಪಲಿಲ್ಲ. ತೊಡಕು ಎಲ್ಲಿದೆ ಎಂಬುದು ಓದುಗರಿಗೆ ಚೆನ್ನಾಗಿ ಗೊತ್ತಾಗುತ್ತದೆ, ಪರಿಹಾರ ಹುಡುಕುವುದು ಬರೆದವರ ಕೆಲಸ.

ನಿವೃತ್ತ ಕಂದಾಯ ನಿರೀಕ್ಷಕರಿಗೆ ಕರಡು ಕೊಟ್ಟಿದ್ದು ಇದೆಲ್ಲ ಮುಗಿದ ಮೇಲೆ, ಸಂಗತಿಗಳನ್ನು ಒರೆಗೆ ಹಚ್ಚಲು. ಅವರು ಸಾಲುಸಾಲಿಗೂ 1964ರ ಭೂಕಂದಾಯ ಕಾಯ್ದೆಯ ಕಲಂ ಸೇರಿಸಿದರು. ಅವೆಲ್ಲ ಸರಿಯಾಗಿಯೇ ಇದ್ದವು. ಆದರೆ ರೈತರು ಮತ್ತೆ ಎಡವುತ್ತಾರೆಂದು ಅವನ್ನು ಅಡಿಟಿಪ್ಪಣಿಗೆ ಇಳಿಸಿದೆ. ನಿರೀಕ್ಷಕರಿಗೆ ಇದು ಅಷ್ಟಾಗಿ ಹಿಡಿಸಲಿಲ್ಲ, ಆದರೆ ನಾನು ಮಾಡಿದ್ದೇ ಸರಿ ಎಂದು ಈಗಲೂ ಅನ್ನಿಸುತ್ತದೆ.

ಪೌತಿ ಖಾತೆಯ ಅಧ್ಯಾಯಕ್ಕೆ ಬಂದ ಒಂದು ಪ್ರಶ್ನೆಯಿಂದ ಹೊಸ ಅಧ್ಯಾಯವೇ ಹುಟ್ಟಿತು. ‘ಮರಣ ಪ್ರಮಾಣಪತ್ರ ಲಗತ್ತಿಸಿ’ ಎಂಬ ಸಾಲಿನ ಪಕ್ಕ ಒಬ್ಬರು ಪೆನ್ಸಿಲಿನಲ್ಲಿ ಬರೆದಿದ್ದರು: ‘ನಮ್ಮಪ್ಪ ಸತ್ತಾಗ ಮಾಡಿಸಿಲ್ಲ. ಈಗ?’ ಒಂದು ವರ್ಷ ದಾಟಿದ ಸಾವನ್ನು ನೋಂದಾಯಿಸಲು ಮ್ಯಾಜಿಸ್ಟ್ರೇಟರ ಆದೇಶ ಬೇಕು. ಹಳ್ಳಿಗಳಲ್ಲಿ ಎಷ್ಟೋ ಖಾತೆಗಳು ಅಜ್ಜನ ಹೆಸರಿನಲ್ಲೇ ಉಳಿದಿರುವುದಕ್ಕೆ ಇದೂ ಒಂದು ಕಾರಣ.

ತಿದ್ದಿದ ಕರಡನ್ನು ಹಳೆಯ ಓದುಗರಿಗೆ ಮತ್ತೆ ಕೊಡಲಿಲ್ಲ. ವಿಷಯ ಆಗಲೇ ಗೊತ್ತಿರುವುದರಿಂದ ಅವರು ಎಡವುವುದಿಲ್ಲ. ಹೊಸಬರನ್ನೇ ಹುಡುಕಿದೆ. ಅವರಲ್ಲೊಬ್ಬರು ವಾಟ್ಸಾಪ್‌ನಲ್ಲಿ ಧ್ವನಿ ಸಂದೇಶ ಕಳಿಸಿದರು: ಸಾಲ ತೀರಿಸಿದ ಮೇಲೂ ಋಣ ನಮೂದಿಸುವ 11ನೇ ಕಾಲಂನಲ್ಲಿ ಬ್ಯಾಂಕಿನ ಹೆಸರು ಹಾಗೇ ಇದೆ, ಏನು ಮಾಡುವುದು? ಬ್ಯಾಂಕಿನಿಂದ ಸಾಲ ತೀರಿದ ಪತ್ರ ಪಡೆದು ಋಣದ ನಮೂದು ತೆಗೆಸುವ ಕ್ರಮವನ್ನು ಬರೆದು ಸೇರಿಸಿ, ಹಸ್ತಪ್ರತಿಯನ್ನು ಡಿಟಿಪಿಗೆ ಕೊಟ್ಟೆ.