ಶೇಂಗಾ ಬುಡಕೊಳೆ: ಶಿಲೀಂಧ್ರದ ವಿಷವನ್ನು ಬೇರ್ಪಡಿಸಿ ನೋಡಿದ ಬಗೆ

ಚಳ್ಳಕೆರೆ ಸೀಮೆಯ ಶೇಂಗಾ ಹೊಲದಲ್ಲಿ ಗಿಡ ಬಾಡಿ, ಬುಡದಲ್ಲಿ ಬಿಳಿ ನೂಲು, ಅದರ ಮೇಲೆ ಸಾಸಿವೆಯಂಥ ಕಂದು ಗುಂಡು ಕಂಡರೆ ಅದು ಸ್ಕ್ಲೆರೋಷಿಯಂ ರಾಲ್ಫ್ಸಿ ಎಂಬ ಶಿಲೀಂಧ್ರ. ಇದರ ಮುಖ್ಯ ಆಯುಧ ಆಕ್ಸಾಲಿಕ್ ಆಮ್ಲ. ಜೀವಕೋಶಗಳನ್ನು ಬೆಸೆದಿರುವ ಪೆಕ್ಟಿನ್‌ನಿಂದ ಅದು ಕ್ಯಾಲ್ಸಿಯಂ ಕಿತ್ತುಕೊಳ್ಳುತ್ತದೆ. ಹಾಗೆ ಸಡಿಲಾದ ಪೆಕ್ಟಿನ್ ಅನ್ನು ಶಿಲೀಂಧ್ರದ ಕಿಣ್ವಗಳು ಹುಳಿ ವಾತಾವರಣದಲ್ಲಿ ಸಲೀಸಾಗಿ ಕರಗಿಸುತ್ತವೆ.

ಟಿಎಂವಿ-2 ಎಂಬ ಶೇಂಗಾ ತಳಿಯ ಸಸಿಗಳ ಮೇಲೆ ಇದನ್ನು ಪರೀಕ್ಷಿಸಲು ಮೊದಲು ಶಿಲೀಂಧ್ರ ಬೆಳೆಸುವ ಸಾರು ಬೇಕು. 200 ಗ್ರಾಂ ಆಲೂಗಡ್ಡೆ ಬೇಯಿಸಿ, ಹಿಸುಕದೆ ಬಸಿದು (ಹಿಸುಕಿದರೆ ಗಂಜಿ ಬಂದು ಮುಂದೆ ಫಿಲ್ಟರ್ ಕಟ್ಟಿಕೊಳ್ಳುತ್ತದೆ), 20 ಗ್ರಾಂ ಡೆಕ್ಸ್ಟ್ರೋಸ್ ಸೇರಿಸಿ 1 ಲೀಟರ್‌ಗೆ ತರುತ್ತೇನೆ. 250 ಮಿ.ಲೀ. ಫ್ಲಾಸ್ಕಿಗೆ 100 ಮಿ.ಲೀ. ಹಾಕಿ, 121 ಡಿಗ್ರಿಯಲ್ಲಿ 20 ನಿಮಿಷ ಆಟೋಕ್ಲೇವ್ (ಒತ್ತಡದ ಹಬೆಯಲ್ಲಿ ಸೂಕ್ಷ್ಮಜೀವಿ ಕೊಲ್ಲುವುದು). ಆರಿದ ಮೇಲೆ 5 ಮಿ.ಮೀ. ಶಿಲೀಂಧ್ರದ ಬಿಲ್ಲೆ ಬಿಟ್ಟು, ಅಲುಗಿಸದೆ 28 ಡಿಗ್ರಿಯಲ್ಲಿ 10 ದಿನ. ಆಮೇಲೆ ಬಟ್ಟೆ, ವಾಟ್‌ಮನ್ 1 ಕಾಗದ, ಕೊನೆಗೆ 0.22 ಮೈಕ್ರಾನ್ ಫಿಲ್ಟರ್.

ಹೀಗೆ ಸೋಸಿದ ದ್ರವದ ಟ್ಯೂಬಿನಲ್ಲಿ ಕಾಂಡ ಕೊಯ್ದ ಸಸಿಯನ್ನು ಇಡುತ್ತೇನೆ. ಅದು ಬಾಡಿತು ಎಂದ ಮಾತ್ರಕ್ಕೆ ಆಕ್ಸಾಲಿಕ್ ಆಮ್ಲವೇ ಕಾರಣ ಎನ್ನಲಾಗದು. ಬಹಳ ಮಂದಿ ಎಡವುವುದು ಇಲ್ಲೇ. ಬರೀ ಹುಳಿಗೂ ಬಾಡುತ್ತದೆ, ಕಿಣ್ವಕ್ಕೂ ಬಾಡುತ್ತದೆ, ಕೊಯ್ದ ಕಾಂಡದಲ್ಲಿ ಗಾಳಿ ಸಿಕ್ಕಿಕೊಂಡರೂ ಬಾಡುತ್ತದೆ. ಗಾಳಿಯದಕ್ಕೆ ಪರಿಹಾರ ಸುಲಭ: ಕಾಂಡವನ್ನು ನೀರೊಳಗೇ ಓರೆಯಾಗಿ ಕೊಯ್ಯಬೇಕು. ಉಳಿದವಕ್ಕೆ ಜೊತೆ ಟ್ಯೂಬುಗಳು ಬೇಕು. ಒಂದರಲ್ಲಿ ಶಿಲೀಂಧ್ರ ಹಾಕದ ಸಾರು. ಇನ್ನೊಂದರಲ್ಲಿ ಅದೇ ಸಾರನ್ನು ಹೈಡ್ರೋಕ್ಲೋರಿಕ್ ಆಮ್ಲ ಹಾಕಿ, ಸೋಸಿದ ದ್ರವದ ಪಿಎಚ್‌ಗೇ (ಹುಳಿಯ ಅಳತೆ; ಕಡಿಮೆಯಾದಷ್ಟೂ ಹುಳಿ ಹೆಚ್ಚು) ಇಳಿಸಿದ್ದು. ಮತ್ತೊಂದರಲ್ಲಿ 10 ನಿಮಿಷ ಕುದಿಸಿ ಕಿಣ್ವ ಕೊಂದ ದ್ರವ. ಹೋಲಿಕೆಗೆ 20 ಮಿಲಿಮೋಲಾರ್ ಆಕ್ಸಾಲಿಕ್ ಆಮ್ಲವೂ ಇರಲಿ. ಹರಳು ರೂಪದ ಡೈಹೈಡ್ರೇಟ್ ಆದರೆ ಲೀಟರ್‌ಗೆ 2.52 ಗ್ರಾಂ.

ನನ್ನ ಮಟ್ಟಿಗೆ ಎಲ್ಲಕ್ಕಿಂತ ಹೆಚ್ಚು ಹೇಳುವುದು ಕ್ಯಾಲ್ಸಿಯಂ ಟ್ಯೂಬು. ದ್ರವದ ಪಿಎಚ್ ಅನ್ನು 5ಕ್ಕೆ ಏರಿಸಿ ಕ್ಯಾಲ್ಸಿಯಂ ಕ್ಲೋರೈಡ್ ಹಾಕಿದರೆ ಆಕ್ಸಲೇಟ್ (ಆಕ್ಸಾಲಿಕ್ ಆಮ್ಲದ ಲವಣ ರೂಪ) ಬಿಳಿ ಗಸಿಯಾಗಿ ತಳ ಸೇರುತ್ತದೆ. ಅದನ್ನು ಸೋಸಿ ತೆಗೆದು, ಪಿಎಚ್ ಅನ್ನು ಮತ್ತೆ ಮೊದಲಿನ ಮಟ್ಟಕ್ಕೆ ತಂದು ಸಸಿ ಇಡಬೇಕು. ಕುದಿಸಿದ ದ್ರವದಲ್ಲಿ ಬಾಡಿ, ಇದರಲ್ಲಿ ಸಸಿ ನಿಂತರೆ ಬೆರಳು ಆಕ್ಸಲೇಟ್ ಕಡೆಗೇ. ಅಷ್ಟೇ ಕ್ಯಾಲ್ಸಿಯಂ ಹಾಕಿದ ಖಾಲಿ ಸಾರನ್ನೂ ಪಕ್ಕದಲ್ಲಿಡದಿದ್ದರೆ ಈ ಮಾತಿಗೆ ಬೆಲೆಯಿಲ್ಲ.

24 ಮತ್ತು 48 ಗಂಟೆಗೆ ಗುರುತು ಹಾಕಿಕೊಳ್ಳುತ್ತೇನೆ. ಅದರಾಚೆ ಸಕ್ಕರೆಗೆ ಬ್ಯಾಕ್ಟೀರಿಯಾ ಬೆಳೆದು ಕಾಂಡದ ನಾಳ ಕಟ್ಟುತ್ತವೆ. ಆಗ ಎಲ್ಲ ಟ್ಯೂಬೂ ಒಂದೇ ಕಥೆ ಹೇಳುತ್ತವೆ.

ಇದೇ ವಿಷವನ್ನು ಮುರಿಯುವ ಆಕ್ಸಲೇಟ್ ಆಕ್ಸಿಡೇಸ್ ಕಿಣ್ವ ಗೋಧಿ, ಬಾರ್ಲಿಯಲ್ಲಿದೆ. ಅದು ಆಕ್ಸಾಲಿಕ್ ಆಮ್ಲವನ್ನು ಇಂಗಾಲದ ಡೈಆಕ್ಸೈಡ್ ಮತ್ತು ಹೈಡ್ರೋಜನ್ ಪೆರಾಕ್ಸೈಡ್ ಆಗಿ ಒಡೆಯುತ್ತದೆ. ಆ ಪೆರಾಕ್ಸೈಡ್ ಗಿಡದ ರಕ್ಷಣೆಯನ್ನೂ ಎಚ್ಚರಿಸುತ್ತದೆ. ಬಾರ್ಲಿಯ ಈ ಜೀನ್ ಸೇರಿಸಿದ ಶೇಂಗಾ ಸ್ಕ್ಲೆರೋಟಿನಿಯಾ ಮೈನರ್ ರೋಗವನ್ನು ಹೆಚ್ಚು ತಡೆದದ್ದನ್ನು ಅಮೆರಿಕದ ಸಂಶೋಧಕರು 2005ರಲ್ಲಿ ವರದಿ ಮಾಡಿದರು. ಅದು ಬೇರೆ ಶಿಲೀಂಧ್ರ, ವಿಷ ಮಾತ್ರ ಒಂದೇ. ನಮ್ಮ ಹೊಲದಲ್ಲಿ ಸದ್ಯಕ್ಕೆ ಬೀಜಕ್ಕೆ ಟ್ರೈಕೋಡರ್ಮಾ ಎಂಬ ಉಪಕಾರಿ ಶಿಲೀಂಧ್ರದ ಲೇಪನ, ರೋಗದ ಗಿಡವನ್ನು ಬುಡದ ಮಣ್ಣಿನ ಸಮೇತ ಹೊರಗೆ ಹಾಕುವುದು, ಕಳೆ ತೆಗೆಯುವಾಗ ಕಾಂಡಕ್ಕೆ ಮಣ್ಣು ಏರಿಸದಿರುವುದು, ಇವು ಕೈಯಲ್ಲಿರುವ ಕೆಲವು ದಾರಿಗಳು.