ಮೂರು ಮನೆಯ ಟ್ರ್ಯಾಕ್ಟರ್, ಆರ್‌ಸಿಯಲ್ಲಿ ಯಾರ ಹೆಸರು?

ಕೊಡಗಿನ ಜಮ್ಮಾ ಜಾಗದ (ತಲೆತಲಾಂತರದ ಹಿಡುವಳಿಯ) ಕಾಗದ ಬಿಚ್ಚಿ ನೋಡಿದವರಿಗೆ ಇದು ಹೊಸದಲ್ಲ. ಉಳುವುದು ಒಕ್ಕದವರೆಲ್ಲ, ಅಂದರೆ ಇಡೀ ಮನೆತನ; ದಾಖಲೆಯಲ್ಲಿ ಪಟ್ಟೆದಾರನ, ಅಂದರೆ ಮನೆತನದ ಯಜಮಾನನ ಹೆಸರು. ಪಾಲಿಗೆ ತೆಗೆದುಕೊಳ್ಳುವ ಟ್ರ್ಯಾಕ್ಟರ್‌ದೂ ಇದೇ ಕಥೆ. ಮೋಟಾರು ವಾಹನ ಕಾಯ್ದೆ 1988ರ 41ನೇ ಸೆಕ್ಷನ್ ಪ್ರಕಾರ, ವಾಹನ ಹಲವರದ್ದಾಗಿದ್ದರೆ ಎಲ್ಲರ ಪರವಾಗಿ ಒಬ್ಬರು ಅರ್ಜಿ ಹಾಕಬೇಕು. ಕಾಯ್ದೆಯ ಲೆಕ್ಕದಲ್ಲಿ ಅವರೇ ಮಾಲೀಕರು.

ಆ ಒಬ್ಬರು ಯಾರು ಅನ್ನುವುದನ್ನು ಶೋರೂಮಿಗೆ ಹೋಗುವ ಮೊದಲೇ ಮಾತಾಡಿಕೊಳ್ಳಿ. ಹಿರಿಯರು ಅನ್ನುವ ಮರ್ಯಾದೆಗೆ ಬೆಂಗಳೂರಿನಲ್ಲಿರುವ ಅಣ್ಣನ ಹೆಸರು ಕೊಡಬೇಡಿ. ಗಾಡಿ ಯಾರ ಶೆಡ್ಡಿನಲ್ಲಿ ನಿಲ್ಲುತ್ತದೋ ಅವರದ್ದಿರಲಿ. ಅಪಘಾತವಾದರೆ ಕೋರ್ಟಿನ ನೋಟಿಸ್ ಹುಡುಕಿಕೊಂಡು ಬರುವುದು ಅದೇ ಹೆಸರನ್ನು, ಅಲ್ವಾ? ಯಾರು ಎಷ್ಟು ಹಾಕಿದರು, ರಿಪೇರಿ ಖರ್ಚು ಹೇಗೆ, ಯಾರ ಗದ್ದೆ ಮೊದಲು ಎಂಬುದನ್ನೆಲ್ಲ ಛಾಪಾ ಕಾಗದದಲ್ಲಿ ಬರೆದು ಸಹಿ ಹಾಕಿಡಿ. ಇದು ಆರ್‌ಟಿಒಗಲ್ಲ, ನಿಮಗೆ. ಜುಲೈ ಮಳೆಗೆ ಮೂವರ ಗದ್ದೆಯೂ ಒಟ್ಟಿಗೇ ನಾಟಿಗೆ ಹದವಾದಾಗ ಅದರ ಬೆಲೆ ತಿಳಿಯುತ್ತದೆ. ಪಾಲುದಾರರು ಜಾಸ್ತಿ ಇದ್ದರೆ ನೋಂದಾಯಿತ ಸಂಘದ ಹೆಸರಿನಲ್ಲಿ ತೆಗೆದುಕೊಳ್ಳುವುದೇ ವಾಸಿ.

ಇನ್ನು ಕಾಗದಪತ್ರ. ಅರ್ಜಿ ಫಾರಂ 20, ಮಾರಾಟದ ಪ್ರಮಾಣಪತ್ರ ಫಾರಂ 21, ಗಾಡಿ ರಸ್ತೆಗೆ ಯೋಗ್ಯ ಎಂದು ಕಂಪನಿ ಕೊಡುವ ಫಾರಂ 22, ವಿಮೆ, ವಿಳಾಸದ ದಾಖಲೆ. ಹೊಸ ಗಾಡಿಯಾದರೆ ಸಾಮಾನ್ಯವಾಗಿ ಡೀಲರೇ ಮಾಡಿಸುತ್ತಾರೆ. ನಮ್ಮ ಜಿಲ್ಲೆಗೆ ಮಡಿಕೇರಿ ಆರ್‌ಟಿಒ, ಕೆಎ 12. ಸಾಲ ಇದ್ದರೆ ಆರ್‌ಸಿಯಲ್ಲಿ ಬ್ಯಾಂಕಿನ ಹೆಸರೂ ಬರುತ್ತದೆ. ಸಾಲ ತೀರಿದ ಮೇಲೆ ಫಾರಂ 35 ಕೊಟ್ಟು ತೆಗೆಸಬೇಕು, ತುಂಬಾ ಜನ ಮರೆಯುವುದು ಇದನ್ನೇ.

ಟ್ರೇಲರ್‌ಗೆ ಬೇರೆ ನೋಂದಣಿ ಬೇಕು. ಎಳೆಯುವ ಟ್ರ್ಯಾಕ್ಟರ್‌ನ ನಂಬರೂ ಅದರ ಮೇಲೆ ಕಾಣಬೇಕು. ಇವತ್ತು ನಿಮ್ಮ ಟ್ರ್ಯಾಕ್ಟರ್, ನಾಳೆ ಪಕ್ಕದ ಮನೆಯದು ಅಂತ ಒಂದೇ ಟ್ರೇಲರ್ ಸುತ್ತುತ್ತಿದ್ದರೆ ಇಲ್ಲಿಯೇ ಸಿಕ್ಕಿಬೀಳುವುದು. ರೋಟವೇಟರ್, ನೇಗಿಲಿಗೆ ಈ ಗೊಡವೆ ಇಲ್ಲ.

‘ನಮ್ಮ ತೋಟದೊಳಗೇ ಓಡುವುದು, ನಂಬರ್ ಯಾಕೆ?’ ಅನ್ನುವವರಿದ್ದಾರೆ. ಅದೇ ಕಾಯ್ದೆಯ 39ನೇ ಸೆಕ್ಷನ್ ಓದಿ. ಸಾರ್ವಜನಿಕ ಜಾಗ ‘ಅಥವಾ ಬೇರೆ ಯಾವುದೇ ಜಾಗ’ ಅಂತಲೇ ಇದೆ. ಅದಿರಲಿ, ತೋಟದಿಂದ ಗದ್ದೆಗೆ ಹೋಗಲು ನಮ್ಮಲ್ಲಿ ರಸ್ತೆ ದಾಟದವರು ಯಾರು?

ಕೃಷಿ ಟ್ರ್ಯಾಕ್ಟರ್ ಸಾರಿಗೆಯೇತರ (ಬಾಡಿಗೆ ಸಾಗಣೆಯದ್ದಲ್ಲದ) ವಾಹನ, ನೋಂದಣಿ 15 ವರ್ಷಕ್ಕೆ. ಹಾಗಿರುವಾಗ ಬಾಡಿಗೆಗೆ ಕಲ್ಲು, ಮರಳು ಹೊಡೆಯಲು ಹೋದರೆ ವಿಮೆ ಕಂಪನಿ ತಕರಾರು ತೆಗೆಯಬಹುದು. ಪಾಲಿಸಿಯಲ್ಲಿ ಯಾವ ಬಳಕೆ ಎಂದಿದೆ ನೋಡಿಕೊಳ್ಳಿ. ಕಾಫಿ ಕುಯ್ಲಿನ ಕಾಲದಲ್ಲಿ ಕೆಲಸದವರನ್ನು ಟ್ರೇಲರ್ ತುಂಬ ಕೂರಿಸಿಕೊಂಡು ಹೋಗುವುದಂತೂ ಬೇಡವೇ ಬೇಡ. ಅದು ಮೂಟೆಗೆ, ಜನರಿಗಲ್ಲ.

ಹೆಸರಿದ್ದವರು ಪಾಲು ಬಿಟ್ಟುಕೊಟ್ಟರೆ ಫಾರಂ 29, 30ರಲ್ಲಿ ವರ್ಗಾವಣೆ. ಅವರು ತೀರಿಕೊಂಡರೆ ವಾರಸುದಾರರು 30 ದಿನದೊಳಗೆ ಆರ್‌ಟಿಒಗೆ ತಿಳಿಸಬೇಕು, ಮೂರು ತಿಂಗಳೊಳಗೆ ಫಾರಂ 31 ಹಾಕಬೇಕು. ಉಳಿದ ಪಾಲುದಾರರು ಆ ಛಾಪಾ ಕಾಗದ ಹಿಡಿದುಕೊಂಡು ಅವರ ಮನೆಯವರ ಜೊತೆ ಕೂರಬೇಕಾದದ್ದೂ ಆವಾಗಲೇ.